ಮೂಗಿನ ದಾರಿಯಲ್ಲಿ ನಿಂತುಹೋದವರು

ವಿದೇಶಕ್ಕೆ ಹೋಗಿ ಬಂದವರು ಮೊದಲು ಚಾಕೊಲೇಟ್ ಹಂಚಬೇಕು, ಆಮೇಲೆ ಅಲ್ಲಿಯ ರಸ್ತೆಗಳನ್ನು ಹೊಗಳಬೇಕು. ನಮ್ಮ ಕಡೆ ಇದು ರೂಢಿ. ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸ್ಟಾಫ್ ರೂಮಿನಲ್ಲಿ ಚಾಕೊಲೇಟ್ ಹಂಚಿದ್ದಾಯಿತು, ರಸ್ತೆಗಳು ಚೆನ್ನಾಗಿದ್ದವು ಎಂದದ್ದೂ ಆಯಿತು. "ಮತ್ತೇನೇನ್ ನೋಡಿದ್ರಿ ಟೀಚರ್?" ಎಂದು ಕೇಳಿದವರಿಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ. ಇಲ್ಲಿ ಕೊಡುತ್ತೇನೆ. ಓದಿ ಖುಷಿಪಡುವಂಥದ್ದೇನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ಕೊಟ್ಟೂರು, ಹೊರಡುವ ಮೊದಲು

ನನ್ನ ಗಂಡನ ಹೆಸರು ಕೊಟ್ರೇಶ. ಮನೆಯಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ, ಬರಹದಲ್ಲಿ ಕರೆಯುತ್ತೇನೆ. ಅವನ ಮನೆತನದ್ದು ಕೊಟ್ಟೂರಿನಲ್ಲಿ ಬೆಣ್ಣೆ ತುಪ್ಪದ ಅಂಗಡಿ. ಸಂತೆಯ ದಿನ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬೆಣ್ಣೆ ತರುತ್ತಾರೆ. ಅದನ್ನು ತಕ್ಕಡಿಗೆ ಹಾಕುವ ಮೊದಲು ಒಂದು ಚೂರನ್ನು ಎಡಗೈಯ ಹಿಂಬದಿಗೆ ತಿಕ್ಕಿ ಮೂಸುವುದು ಈ ವ್ಯಾಪಾರದ ಪದ್ಧತಿ. ಮೈಯ ಬಿಸಿಗೆ ಕರಗಿದ ಬೆಣ್ಣೆ ನಿಜ ಹೇಳುತ್ತದೆ: ಹಳೆಯದೋ, ವನಸ್ಪತಿ ಬೆರೆತದ್ದೋ, ಮಜ್ಜಿಗೆ ಹಿಂಡದೆ ತಂದದ್ದೋ. ಈ ಕೆಲಸದಲ್ಲಿ ನನ್ನ ಅತ್ತೆ ಗುರುಬಸವ್ವನವರ ಮೂಗು ನಾಲ್ಕೂರಿಗೆ ಹೆಸರಾದದ್ದು. "ಇದು ಹತ್ತಿಕಾಳು ತಿಂದ ಎಮ್ಮಿದು ತಂಗಿ" ಎಂದು ಹೇಳುತ್ತಿದ್ದರು, ತಂದವಳು ಹೌದೆಂದು ತಲೆ ತಗ್ಗಿಸುತ್ತಿದ್ದಳು. ಮಗನಾದರೋ ಬೆಣ್ಣೆಯನ್ನು ತನ್ನ ಕೈಗೆ ತಿಕ್ಕಿಕೊಂಡು, ಆ ಕೈಯನ್ನು ತಾಯಿಯ ಮುಂದೆ ಹಿಡಿಯುತ್ತಿದ್ದ. ತಾಯಿ ಮೂಸಿ ಹೂಂ ಎಂದಮೇಲೆಯೇ ತೂಕ. ಎಂಥ ವಿನಯದ ಮಗ ಎಂದು ಗಿರಾಕಿಗಳು ಮೆಚ್ಚುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನೂ ಮೆಚ್ಚಿದೆ.

ನನ್ನ ತವರು ಹಡಗಲಿ, ನಮ್ಮದು ಮಲ್ಲಿಗೆ ತೋಟದ ಮನೆ. ಮದುವೆಯಾದ ಎರಡನೆಯ ವಾರ ಮಲ್ಲಿಗೆ ಸಿಗದೆ ಬರೀ ಕನಕಾಂಬರ ಮುಡಿದಿದ್ದೆ. ಕೊಟ್ರೇಶ ಹತ್ತಿರ ಬಂದು, "ಹೂವಿನ ವಾಸನಿ ಭಾಳ ಚಲೋ ಐತಿ" ಎಂದ. ಕನಕಾಂಬರಕ್ಕೆ ವಾಸನೆ ಇಲ್ಲವೆಂದು ಹಡಗಲಿಯ ಹಸುಗೂಸಿಗೂ ಗೊತ್ತು. ನಾನು ನಕ್ಕೆ. ಹೆಂಡತಿಯನ್ನು ಹೊಗಳಲು ಬಾರದ ಪಾಪದ ಮನುಷ್ಯ ಎಂದು ಪ್ರೀತಿಯೇ ಉಕ್ಕಿತು. ವಿಜ್ಞಾನ ಓದಿದವಳು ಅಲ್ಲೇ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಅವನಿಗೆ ಗಡ್ಡ ಮೀಸೆ ನೆಟ್ಟಗೆ ಬಂದಿರಲಿಲ್ಲ, ದನಿ ಒಡೆದಿರಲಿಲ್ಲ. ನಮ್ಮಿಬ್ಬರ ನಡುವೆ ಏನಾಯಿತು ಏನಾಗಲಿಲ್ಲ ಎಂದು ಬಿಡಿಸಿ ಬರೆಯುವುದಿಲ್ಲ. ಮಕ್ಕಳಾಗುವಂಥದ್ದೇನೂ ಆಗಲಿಲ್ಲ ಎಂದರೆ ಸಾಕು. ಆದರೂ ಹದಿನಾರು ವರ್ಷ ದಾವಣಗೆರೆ, ಹುಬ್ಬಳ್ಳಿಗಳ ಆಸ್ಪತ್ರೆಗಳಲ್ಲಿ ಪರೀಕ್ಷೆಯ ಮಂಚ ಹತ್ತಿ ಇಳಿದವಳು ನಾನೊಬ್ಬಳೇ. ಯಜಮಾನರನ್ನೂ ಕರೆತನ್ನಿ ಎಂದು ವೈದ್ಯರು ಹೇಳಿದಾಗಲೆಲ್ಲ ಅತ್ತೆ, "ಗಂಡಸರಿಗೆಂಥ ಪರೀಕ್ಷಿ?" ಎನ್ನುತ್ತಿದ್ದರು. ಕೊಟ್ರೇಶನಿಗೆ ಆ ದಿನವೇ ಅಂಗಡಿಯಲ್ಲಿ ಕೆಲಸ ಇರುತ್ತಿತ್ತು. ನಾನೂ ಬಾಯಿಬಿಡಲಿಲ್ಲ. ಮನೆಯ ಮಾತು ಬೀದಿಗೆ ಬರಬಾರದು ಎಂದು ನನಗೆ ಕಲಿಸಿದ್ದರು, ಕಲಿತಿದ್ದೆ. ನಾದಿನಿಯ ಮಗುವಿಗೆ ಹೆಸರಿಡುವ ದಿನ ತೊಟ್ಟಿಲಿಗೆ ಕೈಹಾಕಲು ಹೋದ ನನ್ನನ್ನು ಯಾರೋ ಮೆಲ್ಲಗೆ ಹಿಂದಕ್ಕೆ ಎಳೆದರು. ಎಳೆದ ಕೈ ಯಾರದೆಂದು ತಿರುಗಿ ನೋಡಲೂ ಇಲ್ಲ.

ಹೋದ ವರ್ಷ ಹರಪನಹಳ್ಳಿ ರಸ್ತೆಯಲ್ಲಿ ಕೊಟ್ರೇಶ ಸ್ಕೂಟರಿನಿಂದ ಬಿದ್ದ. ಸಣ್ಣ ಪೆಟ್ಟು, ಆದರೆ ಸೊಂಟದ ಮೂಳೆ ಮುರಿದಿತ್ತು. ನಲವತ್ತೆರಡರ ಗಂಡಸಿಗೆ ಎಪ್ಪತ್ತರ ಮುದುಕಿಯ ಮೂಳೆ ಯಾಕಿದೆ ಎಂದು ಮೂಳೆಯ ಡಾಕ್ಟರಿಗೆ ಅನುಮಾನ ಬಂದು, ದಾವಣಗೆರೆಯ ಹಾರ್ಮೋನಿನ ಡಾಕ್ಟರ ಹತ್ತಿರ ಕಳಿಸಿದರು. ಆಕೆ ನನ್ನ ಹಳೆಯ ಶಿಷ್ಯೆಯರಷ್ಟೇ ವಯಸ್ಸಿನ ಹುಡುಗಿ. ಫೈಲು ಮುಚ್ಚಿಟ್ಟು ಕೇಳಿದಳು: "ನಿಮಗೆ ವಾಸನೆ ಗೊತ್ತಾಗುತ್ತಾ?"

ಕೊಟ್ರೇಶ ನೆಲ ನೋಡಿದ. "ಇಲ್ರೀ."

"ಯಾವಾಗಿಂದ?"

"ಹುಟ್ಟಿದಾಗಿಂದ ಇಲ್ರೀ."

ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಒಂದೇ ಒಂದು ಪ್ರಶ್ನೆ. ಅದನ್ನು ಹದಿನಾರು ವರ್ಷ ಒಬ್ಬರೂ ಕೇಳಿರಲಿಲ್ಲ, ನಾನೂ ಸೇರಿ.

ಆಮೇಲಿನದು ಬೇಗ ಬೇಗ ನಡೆಯಿತು. ವಾಸನೆಯೂ ಯೌವನವೂ ಒಟ್ಟಿಗೇ ಬಾರದ ಇಂಥ ಹುಟ್ಟುದೋಷ ಇರುವವರ ಬಗ್ಗೆ ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿ ಸಂಶೋಧನೆ ಮಾಡುವವರಿಗೆ ಆ ಡಾಕ್ಟರ್ ಹುಡುಗಿ ಬರೆದಳು. ಅವರು ರಕ್ತ ತರಿಸಿಕೊಂಡರು. ನವೆಂಬರಿನಲ್ಲಿ ಇಂಥವರದೇ ಒಂದು ಸಭೆ ಇದೆ, ನೀವಿಬ್ಬರೂ ಬನ್ನಿ, ಖರ್ಚು ನಮ್ಮದು ಎಂದರು. ಅಷ್ಟರಲ್ಲಿ ಕೊಟ್ರೇಶನಿಗೆ ಹಾರ್ಮೋನಿನ ಇಂಜೆಕ್ಷನ್ ಶುರುವಾಗಿತ್ತು. ನಲವತ್ತೆರಡನೆಯ ವಯಸ್ಸಿನಲ್ಲಿ ಅವನ ದನಿ ಒಡೆಯುತ್ತಿತ್ತು. ತುಪ್ಪದ ವ್ಯಾಪಾರ ಏರಿ ಗತ್ತು ಬಂದಿದೆ ಎಂದು ಕೊಟ್ಟೂರಿನವರು ಆಡಿಕೊಂಡರು.

ಹೊರಡುವ ದಿನ ಅತ್ತೆ ಎರಡು ಕಿಲೋ ತುಪ್ಪದ ಡಬ್ಬಿ ಕೊಟ್ಟರು. "ಡಾಕ್ಟರಿಗೆ ಕೊಡು, ಸುಮಾ. ನಮ್ಮ ಕೆಲಸ ಆಗ್ಲಿ ಅಂತ ಹೇಳು" ಎಂದರು. ಮಗನ ಮೂಳೆಯ ಕಾಯಿಲೆಯ ಮಾತು ಆಡುತ್ತಿದ್ದಾರೆ ಎಂದುಕೊಂಡು ಕಾಲಿಗೆ ನಮಸ್ಕಾರ ಮಾಡಿದೆ.

ಪೋರ್ಟೊ, ಮೊದಲ ದಿನ

ಡಬ್ಬಿ ವಿಮಾನದಲ್ಲೇ ಬಾಯಿಬಿಟ್ಟಿತ್ತು. ನಾಲ್ಕು ಸೀರೆ, ಅವನ ಎರಡು ಪ್ಯಾಂಟು, ನನ್ನ ಒಳಗಿನ ಬಟ್ಟೆಗಳು, ಎಲ್ಲಕ್ಕೂ ತುಪ್ಪದ ಅಭಿಷೇಕ. ನಮ್ಮನ್ನು ಇಳಿಸಿದ್ದು ಕಡಿದಾದ ಓಣಿಯಲ್ಲಿದ್ದ ಒಂದು ಮನೆಯ ಮೇಲಿನ ಕೋಣೆಯಲ್ಲಿ. ಯಜಮಾನಿ ಲುರ್ದಿಸ್, ಗಂಡ ತೀರಿಹೋದ ಎಪ್ಪತ್ತರ ಹೆಂಗಸು, ಇಂಗ್ಲಿಷಿನ ಹತ್ತು ಶಬ್ದ ಬಲ್ಲವರು. ಪೆಟ್ಟಿಗೆ ತೆರೆದದ್ದೇ ತಡ, ಮೂಗರಳಿಸಿ ಒಳಗೆ ಬಂದರು. ನಾಚಿಕೆಯಿಂದ ಸಾಯುವಂತಾಯಿತು. ಆಕೆ ಮಾತ್ರ ಒಂದು ಬೆರಳು ಅದ್ದಿ ನೆಕ್ಕಿ, ಕಣ್ಣು ಮುಚ್ಚಿ, ಏನೋ ದೊಡ್ಡ ಮಾತು ಹೇಳಿದರು. ಆಮೇಲೆ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಹೋದರು.

ಸಂಜೆಗೆ ನೋಡಿದರೆ ನನ್ನ ಲಂಗಗಳು ಬೀದಿಯ ಮೇಲೆ ಹಾರುತ್ತಿದ್ದವು. ಅಲ್ಲಿ ಕಿಟಕಿಯ ಹೊರಗೆ ಹಗ್ಗ ಕಟ್ಟಿ ಎಲ್ಲವನ್ನೂ ದಾರಿಹೋಕರ ತಲೆಯ ಮೇಲೆಯೇ ಒಣಹಾಕುತ್ತಾರೆ. ನಮ್ಮಲ್ಲಾದರೆ ಒಳಗಿನ ಬಟ್ಟೆಯನ್ನು ಸೀರೆಯ ಕೆಳಗೆ ಮುಚ್ಚಿ ಒಣಗಿಸುತ್ತೇವೆ, ಒಣಗದೆ ಮುಗ್ಗಿದರೂ ಸರಿ. ಎದುರು ಮನೆಯ ಮುದುಕಿ ಕಿಟಕಿಯಿಂದಲೇ ಲುರ್ದಿಸ್ ಅವರಿಗೆ ಕೂಗಿ ಏನೋ ಕೇಳಿದಳು, ಇವರು ಕೂಗಿ ಉತ್ತರ ಹೇಳಿದರು. ನಮ್ಮ ವಿಷಯವೇ; ಸಂಶೋಧನೆಯವರು ಆಕೆಗೆ ಮೊದಲೇ ಹೇಳಿಟ್ಟಿದ್ದರು. ಯಾವ ಕಾಯಿಲೆಗೆ ಬಂದಿದ್ದೇವೆ ಎಂಬುದು ಹತ್ತು ನಿಮಿಷದಲ್ಲಿ ಇಡೀ ಓಣಿಗೆ ತಿಳಿಯಿತು. ಮರುದಿನ ಬೆಳಿಗ್ಗೆ ಬ್ರೆಡ್ಡಿನ ಅಂಗಡಿಯವನು ಕೊಟ್ರೇಶನನ್ನು ನೋಡಿ, ತನ್ನ ಮೂಗು ಮುಟ್ಟಿಕೊಂಡು, ಪಾಪ ಎಂಬಂತೆ ತಲೆಯಾಡಿಸಿದ. ಕೊಟ್ಟೂರಿನಲ್ಲಿ ನಲವತ್ತೆರಡು ವರ್ಷ ಮುಚ್ಚಿಟ್ಟದ್ದು ಇಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲ. ಕೊಟ್ರೇಶನಿಗೆ ಕಸಿವಿಸಿಯಾಯಿತು. ನನಗೆ, ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಒಣಮೀನಿನ ಅಂಗಡಿ

ಆ ಊರಿನಲ್ಲಿ ಉಪ್ಪು ಹಾಕಿ ಒಣಗಿಸಿದ ಮೀನಿಗೆ ದೇವರಿಗಿಂತ ಹೆಚ್ಚು ಮರ್ಯಾದೆ. ಹಲಗೆಯಂಥ ದೊಡ್ಡ ದೊಡ್ಡ ಮೀನುಗಳನ್ನು ಅಂಗಡಿಯ ಮುಂದೆ ಒಟ್ಟಿರುತ್ತಾರೆ. ಸಸ್ಯಾಹಾರಿಗಳಾದ ನಮಗೆ ಆ ಬೀದಿ ದಾಟುವುದೇ ಒಂದು ಪರೀಕ್ಷೆ. ನಾನು ಸೆರಗು ಮೂಗಿಗೆ ಒತ್ತಿ ಓಡುತ್ತಿದ್ದೆ. ಹಿಂತಿರುಗಿ ನೋಡಿದರೆ ಕೊಟ್ರೇಶ ಒಂದು ಅಂಗಡಿಯ ಬಾಗಿಲಲ್ಲಿ ಆರಾಮಾಗಿ ನಿಂತು ತಕ್ಕಡಿ ನೋಡುತ್ತಿದ್ದ. ಅಂಗಡಿಯವನು ಮೀನಿನ ಬೆನ್ನು ತಟ್ಟಿ, ಬಾಲದ ಹತ್ತಿರ ಮೂಸಿ, ಗಿರಾಕಿಗೂ ಮೂಸಲು ಕೊಡುತ್ತಿದ್ದ.

"ನಮ್ಮ ದಂಧೆನ ಇದು" ಎಂದ ಕೊಟ್ರೇಶ. ಮುಖದಲ್ಲಿ ಸಂತೋಷ.

"ಬರ್ರೀ ಈ ಕಡೆ. ವಾಂತಿ ಬರಾಕತ್ತೈತಿ ನನಗ."

ಅವನು ಬಂದ. ನಾಲ್ಕು ಹೆಜ್ಜೆ ನಡೆದಮೇಲೆ ಕೇಳಿದ: "ಹೆಂಗಿರ್ತೈತಿ ಅದು?"

ಹದಿನಾರು ವರ್ಷದಲ್ಲಿ ಮೊದಲ ಸಲ ಕೇಳಿದ್ದ. ಹೇಳಲು ಹೋದೆ, ಆಗಲಿಲ್ಲ. ಕೆಟ್ಟ ವಾಸನೆ ಎಂದರೆ ಕೆಟ್ಟ ಎಂಬುದು ಅವನಿಗೆ ತಿಳಿಯಬೇಕಲ್ಲ. ಕಣ್ಣಿಗೆ ಹೊಗೆ ಹೊಕ್ಕ ಹಾಗೆ ಎಂದೆ. ಹೌದೇನು ಎಂದ. ತಾಯಿಯ ಮೈಯ ವಾಸನೆ, ಮೊದಲ ಮಳೆಯ ವಾಸನೆ, ಒಂದೂ ಗೊತ್ತಿಲ್ಲದೆ ಬದುಕಿದವನು. ಕರುಣೆ ಬಂತು. ಮರುಕ್ಷಣ ಸಿಟ್ಟೂ ಬಂತು. ಇಷ್ಟು ಸುಲಭವಾಗಿ ಕೇಳಬಹುದಾಗಿದ್ದನ್ನು ಮದುವೆಯಾದ ಎರಡನೆಯ ವಾರವೇ ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಪ್ರಯೋಗಾಲಯ

ಮೂರನೆಯ ದಿನ ಸಂಶೋಧಕಿ ಇನೆಸ್ ನಮ್ಮನ್ನು ತನ್ನ ಪ್ರಯೋಗಾಲಯಕ್ಕೆ ಕರೆದೊಯ್ದಳು. ನಮಗಾಗಿ ಇಂಗ್ಲಿಷನ್ನು ನಿಧಾನವಾಗಿ ಆಡುವ, ಹವಾಯಿ ಚಪ್ಪಲಿ ಹಾಕಿಕೊಂಡು ಓಡಾಡುವ ಸರಳ ಹೆಣ್ಣುಮಗಳು. ಪರದೆಯ ಮೇಲೆ ಎರಡು ಮೆದುಳುಗಳ ಚಿತ್ರ ಹಾಕಿದಳು. ಒಂದು ಅವಳದು, ಇನ್ನೊಂದು ನಾವು ಊರಿನಿಂದ ತಂದ ಕೊಟ್ರೇಶನ ಸ್ಕ್ಯಾನಿನದು. ಮೆದುಳಿನ ಮುಂಭಾಗದ ಅಡಿಯಲ್ಲಿ, ಮೂಗಿನ ನೆತ್ತಿಗೆ ತಾಗಿದಂತೆ, ಎರಡು ಪುಟ್ಟ ಉಬ್ಬುಗಳಿರುತ್ತವೆ. ವಾಸನೆ ಮೊದಲು ಮುಟ್ಟುವುದು ಅಲ್ಲಿಗೆ. ಅವಳ ಚಿತ್ರದಲ್ಲಿ ಅವು ಶೇಂಗಾ ಬೀಜದಂತೆ ಕಾಣುತ್ತಿದ್ದವು. ಕೊಟ್ರೇಶನ ಚಿತ್ರದಲ್ಲಿ ಆ ಜಾಗ ಖಾಲಿ.

ಆಮೇಲೆ ಭ್ರೂಣದ ಚಿತ್ರ ತೋರಿಸಿದಳು. ಇಷ್ಟು ವರ್ಷ ಮೆದುಳಿನ ಪಾಠ ಮಾಡಿದ ನನಗೆ ಗೊತ್ತಿಲ್ಲದ ಸಂಗತಿ ಅದರಲ್ಲಿತ್ತು. ತಾಯಿಗೆ ಎರಡು ತಿಂಗಳು ತುಂಬುವ ಸುಮಾರಿಗೆ ಕೂಸಿನ ಮೂಗಿನ ಜಾಗದಲ್ಲಿ ಎರಡು ಬಗೆಯ ಜೀವಕೋಶಗಳು ಹುಟ್ಟಿರುತ್ತವೆ. ಒಂದು, ವಾಸನೆ ಹಿಡಿಯುವಂಥವು. ಇನ್ನೊಂದಕ್ಕೂ ವಾಸನೆಗೂ ಸಂಬಂಧವೇ ಇಲ್ಲ. ಅವು ಮುಂದೆ ಮೆದುಳಿನೊಳಗೆ ಕೂತು, ಹುಡುಗ ಗಂಡಸಾಗುವ, ಹುಡುಗಿ ಹೆಂಗಸಾಗುವ ಕಾಲಕ್ಕೆ ಮೈಗೆ ಅಪ್ಪಣೆ ಕೊಡಬೇಕಾದವು. ಹುಟ್ಟುವುದು ಮೂಗಿನಲ್ಲಿ, ಕೆಲಸ ಮೆದುಳಿನಲ್ಲಿ. ಆದ್ದರಿಂದ ಅವು ನಡೆದು ಹೋಗಬೇಕು. ವಾಸನೆಯ ನರಗಳು ಮೆದುಳಿನ ಕಡೆ ಚಾಚುತ್ತವೆ, ಇವು ಆ ನರಗಳನ್ನು ಹಿಡಿದು ಹಿಂದೆ ಹಿಂದೆ ಸಾಗುತ್ತವೆ.

ದಾರಿ ಹೇಳುವವರು ಯಾರು? ಅಕ್ಕಪಕ್ಕದ ಕೋಶಗಳೇ. ಅವು ಒಂದೊಂದು ರಾಸಾಯನಿಕ ಬಿಡುತ್ತವೆ. ನಡೆಯುವ ಕೋಶದ ಮೈಮೇಲೆ ಅದನ್ನು ಹಿಡಿದುಕೊಳ್ಳುವ ಪ್ರೋಟೀನು ಇರುತ್ತದೆ. ಹಿಡಿದುಕೊಂಡರೆ ಒಳಗೆ ಸುದ್ದಿ ಮುಟ್ಟುತ್ತದೆ: ಮುಂದೆ ಹೋಗು, ಪಕ್ಕಕ್ಕೆ ತಿರುಗು, ಬೆಳೆ, ಇಲ್ಲೇ ನಿಲ್ಲು. ಕಂಡಕ್ಟರ್ ಸೀಟಿ ಊದದೆ ನಮ್ಮ ಬಸ್ಸು ಕದಲುವುದಿಲ್ಲವಲ್ಲ, ಹಾಗೆ. ಆ ವಾಸನೆಯ ಉಬ್ಬು ಕೂಡ ತಾನಾಗಿ ಪೂರ್ತಿ ಬೆಳೆಯುವುದಿಲ್ಲ. ನರ ಬಂದು ಮುಟ್ಟಿದಮೇಲೆಯೇ ಅದು ನೆಟ್ಟಗೆ ರೂಪ ಪಡೆಯುತ್ತದೆ. ಸಂಕೇತ ಕೊಡುವಲ್ಲಿಯೋ ಹಿಡಿಯುವಲ್ಲಿಯೋ ಒಂದು ದೋಷವಾದರೆ ನರವೂ ಮುಟ್ಟುವುದಿಲ್ಲ, ಅದನ್ನು ನಂಬಿ ಹೊರಟವೂ ಮುಟ್ಟುವುದಿಲ್ಲ. ಮೂಗೂ ಹೋಯಿತು, ಯೌವನವೂ ಹೋಯಿತು.

ಅಂಥ ದೋಷವಿದ್ದ ಇಲಿಯ ಭ್ರೂಣದ ಚಿತ್ರವನ್ನು ಇನೆಸ್ ಓಡಿಸಿದಳು. ಹಸಿರಾಗಿ ಹೊಳೆಯುವ ಚುಕ್ಕೆಗಳು ಮೂಗಿನಿಂದ ಹೊರಟು, ಮೆದುಳಿನ ಹೊರಗಡೆಯೇ ಗುಂಪುಗಟ್ಟಿ ನಿಂತುಬಿಟ್ಟವು.

"ಆಮೇಲೆ ಅವು ಏನಾಗುತ್ತವೆ?" ಎಂದು ಕೇಳಿದೆ.

"ಅಲ್ಲೇ ಉಳಿಯುತ್ತವೆ" ಎಂದಳು.

ಕೊಟ್ರೇಶನಿಗೆ ಕನ್ನಡದಲ್ಲಿ ಎಲ್ಲವನ್ನೂ ಹೇಳಿದೆ. ಶಾಲೆಯ ಹುಡುಗನಂತೆ ಕೈಕಟ್ಟಿ ಕೇಳಿದ. ಕೊನೆಗೆ, "ಅಂದ್ರ ನನ್ನ ತಪ್ಪೇನಿಲ್ಲಲ್ಲ?" ಎಂದ.

"ಅದರಾಗ ಇಲ್ಲ" ಎಂದೆ.

ಸಭೆ

ನಾಲ್ಕನೆಯ ದಿನ ಬೆಳಿಗ್ಗೆ ಸಭೆ. ಎಲ್ಲೆಲ್ಲಿಂದಲೋ ಬಂದ ಸುಮಾರು ಅರವತ್ತು ಜನ. ಬಹುತೇಕರಿಗೆ ಹುಟ್ಟಿನಿಂದ ವಾಸನೆ ಇಲ್ಲ. ನನ್ನ ಸೀರೆಯ ತುಪ್ಪದ ಕಮಟು ಎರಡು ಸಲ ಒಗೆದರೂ ಹೋಗಿರಲಿಲ್ಲ. ಮುದುಡಿ ಮೂಲೆಯಲ್ಲಿ ಕೂತಿದ್ದೆ, ಆಮೇಲೆ ನೆನಪಾಗಿ ಆರಾಮಾಗಿ ಕೂತೆ. ಚಹಾದ ಹೊತ್ತಿಗೆ ಪಕ್ಕದ ಕೋಣೆಯಿಂದ ಸೀದ ವಾಸನೆ ಬಂತು. ಬ್ರೆಡ್ಡು ಸುಡುವ ಯಂತ್ರದಲ್ಲಿ ಏನೋ ಸಿಕ್ಕಿ ಕರಿ ಹೊಗೆ ಏಳುತ್ತಿತ್ತು. ಅದರ ಸುತ್ತ ಹತ್ತು ಜನ ಬೆನ್ನು ತಿರುಗಿಸಿ ನಿಂತು ನಗುನಗುತ್ತಾ ಮಾತಾಡುತ್ತಿದ್ದಾರೆ, ಒಬ್ಬರಿಗೂ ಅರಿವಿಲ್ಲ. "ಅಯ್ಯೋ, ಬೆಂಕಿ ಬಿತ್ರೀ!" ಎಂದು ಕನ್ನಡದಲ್ಲೇ ಕೂಗಿಕೊಂಡು ಓಡಿ ತಂತಿ ಕಿತ್ತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರಿಗೆ ಇದು ದಿನನಿತ್ಯದ ತಮಾಷೆ. ಹಾಲು ಕೆಟ್ಟಿದೆಯೇ ಎಂದು ದಿನಾಂಕ ನೋಡುತ್ತಾರೆ, ಗ್ಯಾಸ್ ಸೋರಿದರೆ ಕೂಗುವ ಗಂಟೆ ಇಟ್ಟುಕೊಂಡಿದ್ದಾರೆ, ಎಲ್ಲರಿಗೂ ಹೇಳಿಕೊಂಡು ಬದುಕುತ್ತಾರೆ.

ಆರೂವರೆ ಅಡಿ ಎತ್ತರದ ಒಬ್ಬ ಡಚ್ ಮನುಷ್ಯ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆತಂದಿದ್ದ. ಅವನಿಗೆ ಹದಿನಾಲ್ಕು ವರ್ಷವಾದಾಗ ಶಾಲೆಯ ನರ್ಸಮ್ಮ ಆ ಪ್ರಶ್ನೆ ಕೇಳಿದ್ದಳಂತೆ, ವಾಸನೆ ಬರುತ್ತದೆಯೇ ಎಂದು. ಅಲ್ಲಿಂದ ಇಂಜೆಕ್ಷನ್, ಆಮೇಲೆ ಮದುವೆ, ಇನ್ನೊಂದು ಬಗೆಯ ಇಂಜೆಕ್ಷನ್, ಆಮೇಲೆ ಈ ಇಬ್ಬರು. ಕಿರಿಯವಳು ನನ್ನ ಬಳೆಗಳನ್ನು ಎಣಿಸುತ್ತಾ ತೊಡೆಯ ಮೇಲೆ ಕೂತಳು. ನನಗೆ ಮೂವತ್ತೊಂಬತ್ತು. ಈ ವಯಸ್ಸಿನಲ್ಲಿ ನಾವೂ ಪ್ರಯತ್ನಿಸಬಹುದು, ಭರವಸೆ ಕೊಡಲಾರೆ ಎಂದು ದಾವಣಗೆರೆಯ ಡಾಕ್ಟರ್ ಹುಡುಗಿ ಹೇಳಿದ್ದಳು. ಮಗು ಒಂದು ಕೈಯ ಬಳೆ ಎಣಿಸಿ ಮುಗಿಸಿದಾಗ ಇನ್ನೊಂದು ಕೈಯನ್ನೂ ಅದರ ಮುಂದೆ ಹಿಡಿದೆ.

ಕೊಟ್ರೇಶನ ಸರದಿ ಬಂತು. ಅವನು ಕನ್ನಡದಲ್ಲಿ ಹೇಳಬೇಕು, ನಾನು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತಿರುಗಿಸಬೇಕು.

"ನಾ ಕೊಟ್ರೇಶಂತ್ರಿ. ನಮ್ದು ತುಪ್ಪದ ಅಂಗಡಿ. ವಾಸನಿ ನೋಡದ ನಮ್ಮ ದಂಧೆ. ನನಗ ವಾಸನಿ ಇಲ್ಲ."

ಹೇಳಿದೆ. ಎಲ್ಲರೂ ನಕ್ಕರು. ಅವನಿಗೆ ಧೈರ್ಯ ಬಂತು. ಬೆಣ್ಣೆ ಹಚ್ಚಿದ ಕೈಯನ್ನು ತಾಯಿಯ ಮುಂದೆ ಹಿಡಿಯುತ್ತಿದ್ದುದನ್ನು ಹೇಳಿದ, ಮೀಸೆ ಬಾರದೆ ಕಾಡಿಗೆ ತೀಡಿಕೊಂಡು ಮದುವೆಯ ಫೋಟೋಕ್ಕೆ ನಿಂತದ್ದನ್ನು ಹೇಳಿದ. ಕಾಡಿಗೆಯ ವಿಷಯ ನನಗೆ ಗೊತ್ತಿರಲಿಲ್ಲ. ಆಮೇಲೆ ಒಡೆದ ದನಿಯಲ್ಲಿ ಹೇಳಿದ:

"ಮಕ್ಕಳಾಗ್ಲಿಲ್ಲ ಅಂತ ನನ್ನ ಹೆಂಡ್ತಿಗಿ ಮಂದಿ ಬಂಜಿ ಅಂದ್ರು. ಊನ ನನ್ನಾಗ ಐತಿ ಅಂತ ನನಗ ಗೊತ್ತಿತ್ತು. ನಾ ಸುಮ್ನಿದ್ದೆ."

ಅದನ್ನು ನಾನು ಹೇಳಬೇಕಾಯಿತು. ನನ್ನ ಹೆಂಡತಿ ಎಂದು ನನ್ನನ್ನೇ ಕರೆದುಕೊಂಡು, ಬಂಜೆ ಎಂಬುದಕ್ಕೆ ಇಂಗ್ಲಿಷಿನ ಶಬ್ದ ಹುಡುಕಿ, ನಾನು ಸುಮ್ಮನಿದ್ದೆ ಎಂದೆ. ಅರವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡಚ್ ಮನುಷ್ಯ ಅವನನ್ನು ಅಪ್ಪಿಕೊಂಡು ಅತ್ತ. ಯಾರೋ ಒಬ್ಬ ಹಿರಿಯ ಹೆಂಗಸು ನನ್ನ ಭುಜ ತಟ್ಟಿ, ಇಂಥ ಧೈರ್ಯವಂತ ಗಂಡನನ್ನು ಪಡೆದ ನೀನು ಪುಣ್ಯವಂತೆ ಎಂಬರ್ಥದ ಮಾತು ಹೇಳಿದಳು. ಥ್ಯಾಂಕ್ಸ್ ಎಂದೆ.

ನದಿಯ ದಂಡೆ

ಸಭೆ ಮುಗಿಸಿ ನದಿಯ ಕಡೆ ಇಳಿದೆವು. ಆ ಕಾಲದಲ್ಲಿ ಅಲ್ಲಿ ಚೆಸ್ಟ್‌ನಟ್ ಎಂಬ ಕಾಯಿಯನ್ನು ಕೆಂಡದ ಮೇಲೆ ಹುರಿದು, ಕಾಗದದ ಪೊಟ್ಟಣ ಕಟ್ಟಿ ಮಾರುತ್ತಾರೆ, ನಮ್ಮ ಬಸ್ ಸ್ಟ್ಯಾಂಡಿನ ಹುರಿದ ಶೇಂಗಾದಂತೆ. ಕಟ್ಟೆಯ ಮೇಲೆ ಕೂತು ಸುಲಿಯುತ್ತಿದ್ದೆವು. ಕೊಟ್ರೇಶ ಹಗುರಾಗಿದ್ದ. ಅವನನ್ನು ಅಷ್ಟು ಹಗುರಾಗಿ ನಾನು ನೋಡಿರಲಿಲ್ಲ. ಇದೇ ಹೊತ್ತು ಎಂದುಕೊಂಡೆ.

"ಇಲ್ಲಿ ಅರವತ್ತು ಮಂದಿಗೆ ಹೇಳಿದ್ರಿ. ಅಲ್ಲಿ ಒಬ್ರಿಗೆ ಹೇಳ್ರಿ. ನಿಮ್ಮ ಅವ್ವಗ."

"ಹೇಳ್ತೀನಿ."

"ಈಗ."

ಅಲ್ಲಿ ಮಧ್ಯಾಹ್ನ ಒಂದಾಗಿತ್ತು, ಕೊಟ್ಟೂರಿನಲ್ಲಿ ದೀಪ ಹಚ್ಚುವ ಹೊತ್ತು. ಅವನು ವಿಡಿಯೋ ಕರೆ ಮಾಡಿದ. ಅಂಗಡಿಯ ಗದ್ದಿಗೆಯ ಮೇಲೆ ಕೂತ ಅತ್ತೆಯ ಮುಖ ತುಂಬಾ ಹತ್ತಿರ ಬಂತು. ಮಗ ಬಾಯಿ ತೆರೆಯುವ ಮೊದಲೇ ಶುರುಮಾಡಿದರು.

"ಸುಮಾಗ ಏನಂದ್ರೋ ಡಾಕ್ಟರ್ರು? ತುಪ್ಪ ಕೊಟ್ರೇನು? ಗರ್ಭ ನಿಲ್ಲೋ ಔಷಧ ಕೊಟ್ಟಾರೇನು?"

ಕೊಟ್ರೇಶ ಫೋನನ್ನು ಸ್ವಲ್ಪ ಆ ಕಡೆ ತಿರುಗಿಸಿದ. ಕಿವಿಯನ್ನು ತಿರುಗಿಸಲು ಆಗುತ್ತದೆಯೇ?

"ಈ ಔಷಧಕ್ಕೂ ಆಗ್ಲಿಲ್ಲಂದ್ರ ಇನ್ ನಾ ಕಾಯಂಗಿಲ್ಲ, ಕೊಟ್ರ್ಯಾ. ಹಿರೇಹಡಗಲಿಯೋರು ಮತ್ತ ಹೇಳಿ ಕಳಿಸ್ಯಾರ. ಪಾಪ, ಗಂಡ ಸತ್ತ ಹುಡುಗಿ, ಇಪ್ಪತ್ತೇಳು ವಯಸ್ಸು. ಎಷ್ಟ್ ದಿನ ಅಂತ ಕಾಯ್ತಾರ?"

"ಅವ್ವಾ, ನೆಟ್‌ವರ್ಕ್ ಸರಿಯಿಲ್ಲ. ಆಮ್ಯಾಲ ಮಾಡ್ತೀನಿ" ಎಂದು ಕರೆ ತುಂಡರಿಸಿದ. ನೆಟ್‌ವರ್ಕ್ ಸರಿಯಾಗಿಯೇ ಇತ್ತು.

ಒಂದು ಕಾಯಿ ಸುಲಿದು ಮುಗಿಸಿದೆ. ಆಮೇಲೆ ಕೇಳಿದೆ: "ಏನಂತ ಹೇಳಿ ಬಂದೀರಿ ಮನ್ಯಾಗ?"

"ನಿನಗ ತೋರ್ಸಾಕ ಹೊಂಟೀವಿ ಅಂದಿದ್ದೆ. ಇಲ್ಲಾಂದ್ರ ಅವ್ವ ಕಳಸ್ತಿದ್ಲೇನು? ಸಾವಿರ ಪ್ರಶ್ನಿ ಕೇಳ್ತಿದ್ಲು."

"ಹಿರೇಹಡಗಲಿದು ಏನು?"

"ಅದು ಅವ್ವನ ಮಾತು. ನಾ ಹೂಂ ಅಂದಿಲ್ಲ, ಸುಮಾ."

"ಊಹೂಂ ಅಂದೀರೇನು?"

ಅವನು ನದಿ ನೋಡಿದ. ಆ ನದಿ ಅಗಲದಲ್ಲಿ ನಮ್ಮ ಹಲವಾಗಲಿನ ತುಂಗಭದ್ರೆಗಿಂತ ದೊಡ್ಡದೇನಲ್ಲ, ಆದರೆ ಅದರಲ್ಲಿ ಹಡಗುಗಳು ಓಡಾಡುತ್ತವೆ. ನೋಡುವುದಕ್ಕೆ ಬೇಕಾದಷ್ಟಿತ್ತು. ನೋಡುತ್ತಲೇ ಇದ್ದ.

ಒಂದು ಮಾತು ಹೇಳುತ್ತೇನೆ. ಬಂಜೆ ಎಂದು ಊರು ಕರೆದಾಗ ಅತ್ತಿದ್ದೇನೆ, ಆದರೆ ಅವನ ಮೇಲೆ ಅಸಹ್ಯ ಬಂದಿರಲಿಲ್ಲ. ಅವನೂ ನನ್ನಂತೆಯೇ ಹೆದರಿದವನು ಎಂದುಕೊಂಡಿದ್ದೆ. ಆ ದಿನ ಅಸಹ್ಯ ಬಂತು. ಕೋಶಗಳಿಗೆ ಸಂಕೇತ ಮುಟ್ಟಿರಲಿಲ್ಲ, ಒಪ್ಪಿದೆ. ಇವನಿಗೆ ಎಲ್ಲವೂ ಮುಟ್ಟಿತ್ತು.

ಮತ್ತೆ ಕೊಟ್ಟೂರು

ವಾಪಸು ಪ್ರಯಾಣದ ಬಗ್ಗೆ ಬರೆಯಲು ಏನೂ ಇಲ್ಲ. ಲುರ್ದಿಸ್ ಬೀಳ್ಕೊಡುವಾಗ ಎರಡೂ ಕೆನ್ನೆಗೆ ಮುತ್ತಿಟ್ಟರು. ವಿಮಾನದಲ್ಲಿ ಕೊಟ್ರೇಶ ನಿದ್ದೆ ಮಾಡಿದ. ನಾನು ಹಿರೇಹಡಗಲಿಯ ಆ ಹೆಸರು ಗೊತ್ತಿಲ್ಲದ ಹೆಣ್ಣುಮಗಳ ಬಗ್ಗೆ ಯೋಚಿಸಿದೆ. ಅವಳೂ ದಾವಣಗೆರೆಯ ಮಂಚ ಹತ್ತುತ್ತಾಳೆ, ಅವಳನ್ನೂ ಯಾರೋ ತೊಟ್ಟಿಲಿನಿಂದ ಹಿಂದಕ್ಕೆ ಎಳೆಯುತ್ತಾರೆ.

ಮನೆ ಮುಟ್ಟಿದ ಮೂರನೆಯ ದಿನ ಸಂತೆ. ಹೇಳಲು ಅವನಿಗೆ ಎರಡು ದಿನ ಕೊಟ್ಟಿದ್ದೆ, ಹೇಳಿರಲಿಲ್ಲ. ಅಂಗಡಿಗೆ ಹೋದೆ. ಬೆಣ್ಣೆ ತಂದ ಐದಾರು ಹೆಂಗಸರು ಕೂತಿದ್ದರು. ಕೊಟ್ರೇಶ ಎಂದಿನಂತೆ ಬೆಣ್ಣೆ ತಿಕ್ಕಿದ ಕೈಯನ್ನು ತಾಯಿಯ ಮುಂದೆ ಹಿಡಿದಿದ್ದ. ನನ್ನನ್ನು ಕಂಡು ಒಬ್ಬಳು, "ಏನ್ ಔಷಧ ಕೊಟ್ರಬೇ, ಪರದೇಶದಾಗ?" ಎಂದಳು.

"ಔಷಧ ನನಗಲ್ಲ" ಎಂದೆ.

ಅಷ್ಟೇ ಅಂದದ್ದು. ಅತ್ತೆ ಕೂಡಲೇ ಎದ್ದರು. "ನೀವೆಲ್ಲ ಎದರಿಗಿನ ಹೋಟ್ಲಾಗ ಚಾ ಕುಡುದು ಬರ್ರಿ. ನಾ ಹೇಳೇನಿ ಅನ್ರಿ" ಎಂದು ಹೆಂಗಸರನ್ನು ಎಬ್ಬಿಸಿ ಕಳಿಸಿದರು. ಯಾವ ಮಾತು ಬರಲಿದೆ ಎಂದು ಗೊತ್ತಿಲ್ಲದವರು ಅಷ್ಟು ಚುರುಕಾಗಿ ಏಳುವುದಿಲ್ಲ.

"ನಿಮಗ ಗೊತ್ತಿತ್ತು" ಎಂದೆ.

ಅತ್ತೆ ಮತ್ತೆ ಗದ್ದಿಗೆಯ ಮೇಲೆ ಕೂತರು. ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ.

"ಹೆತ್ತಾಕಿಗೆ ಗೊತ್ತಿರಂಗಿಲ್ಲೇನು? ಐದು ವರ್ಷದವ ಇದ್ದ. ಒಲಿ ಮ್ಯಾಲ ಹಾಲು ಸೀದು ಮನಿ ಎಲ್ಲ ಕಮಟು ಹೊಡಿಯಾಕತ್ತಿತ್ತು. ಅಂವ ಅಲ್ಲೇ ಒಲಿ ಮುಂದ ಆಡ್ಕೋಂತ ಕುಂತಿದ್ದ. ಅವತ್ತ ಗೊತ್ತಾತು. ಇಪ್ಪತ್ತಾದ್ರೂ ಮೀಸಿ ಬರ್ಲಿಲ್ಲ, ಅದೂ ಗೊತ್ತಾತು. ಎರಡೂ ಒಂದ ಬ್ಯಾನಿ ಅಂತ ಗೊತ್ತಿರ್ಲಿಲ್ಲ, ಅಷ್ಟ."

"ಗೊತ್ತಿದ್ದೂ ಲಗ್ನ ಮಾಡಿದ್ರಿ?"

"ಅದಕ್ಕ ಓದಿದ ಹುಡುಗಿ ಬೇಕು ಅಂದೆ. ಓದಲಾರದಾಕಿ ಆಗಿದ್ರ ತಿಂಗಳದಾಗ ತವರಿಗೆ ಹೋಗಿ ಊರೆಲ್ಲ ಡಂಗುರ ಸಾರತಿದ್ಲು. ಓದಿದಾಕಿ ಮರ್ಯಾದಿಗೆ ಅಂಜತಾಳ. ಬಾಯಿ ಬಿಡಂಗಿಲ್ಲ."

ಹದಿನಾರು ವರ್ಷ ಆ ತರ್ಕ ತಪ್ಪಾಗಿರಲಿಲ್ಲ. ನನ್ನ ಬಿಎಸ್ಸಿ, ಬಿಎಡ್, ಸರ್ಕಾರಿ ನೌಕರಿ, ಹಡಗಲಿಯಲ್ಲಿ ನನ್ನಪ್ಪ ಬೀಗರ ಮುಂದೆ ಹೆಮ್ಮೆಯಿಂದ ಬಿಚ್ಚಿಟ್ಟ ಅಂಕಪಟ್ಟಿ, ಎಲ್ಲವನ್ನೂ ಈಕೆ ಬೆಣ್ಣೆ ಮೂಸಿದಂತೆ ಮೂಸಿ, ಸರಿಯಿದೆ ಎಂದು ತೂಕಕ್ಕೆ ಹಾಕಿಕೊಂಡಿದ್ದರು. ಕೊಟ್ರೇಶ ಬೆಣ್ಣೆಯ ಕೈಯನ್ನು ಒರೆಸಿಕೊಳ್ಳದೆ ಹಾಗೆಯೇ ನಿಂತಿದ್ದ. "ಅವ್ವಾ" ಎಂದ. ಮುಂದೆ ಏನಾದರೂ ಹೇಳುತ್ತಾನೆ ಎಂದು ಕಾದೆ. ಹೊರಗೆ ಚಹಾ ಮುಗಿಸಿದ ಹೆಂಗಸರು ಬರುತ್ತಿದ್ದರು. ಅವನು ತಕ್ಕಡಿ ಎತ್ತಿಕೊಂಡ.

ಈಗ ಹಗರಿಬೊಮ್ಮನಹಳ್ಳಿಯಲ್ಲಿ ಶಾಲೆಯ ಹತ್ತಿರ ಒಂದು ಕೋಣೆ ಹಿಡಿದಿದ್ದೇನೆ. ಹೋದ ವಾರ ಒಂಬತ್ತನೆಯ ತರಗತಿಯಲ್ಲಿ ಎಲ್ಲ ಮಕ್ಕಳಿಗೂ ಕಣ್ಣು ಮುಚ್ಚಿಸಿ ನಿಂಬೆಹಣ್ಣು ಮೂಸಿಸಿದೆ. ಪಾಠದಲ್ಲಿಲ್ಲ, ಆದರೂ ಮಾಡಿದೆ.

ಈ ಬರಹವನ್ನು ನಮ್ಮ ಸುತ್ತಲಿನ ಐದು ತಾಲೂಕುಗಳಿಗೆ ಹೋಗುವ ವಾರಪತ್ರಿಕೆಗೆ ಪ್ರವಾಸ ಕಥನ ಎಂದು ಹೇಳಿ ಕೊಟ್ಟಿದ್ದೇನೆ. ಹಿರೇಹಡಗಲಿಗೂ ಅದು ಹೋಗುತ್ತದೆ. ಕೊಟ್ಟೂರಿನ ಅಂಗಡಿಗೆ ಸಂತೆಯ ದಿನವೇ ಬರುತ್ತದೆ. ಅತ್ತೆಗೆ ಅಕ್ಷರ ಬಾರದು. ಪತ್ರಿಕೆ ಬಂದೊಡನೆ ಬೆಣ್ಣೆ ತಂದವರನ್ನೆಲ್ಲ ಸುತ್ತ ಕೂಡಿಸಿಕೊಂಡು, ಮಗನ ಕೈಯಲ್ಲಿ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿ ಕೇಳುವುದು ಅವರ ಅಭ್ಯಾಸ. ನಡುವೆ ಒಂದು ಸಾಲು ಹಾರಿಸಿದರೂ ಕೂಡಲೇ ಹಿಡಿಯುತ್ತಾರೆ.

ಓದಲಿ.